ಊಟ ಸಾಕು ಎನ್ನುವುದು ಯಾರು?

"ಡಾಕ್ಟ್ರೇ, ಆ ತೂಕ ಇಳಿಸೋ ಇಂಜೆಕ್ಷನ್ ತಗಂಡ್ರೆ ಹಸಿವೇ ಆಗದಿಲ್ವಂತೆ. ಹೊಟ್ಟೆಗೆ ಎಂತ ಮಾಡತ್ತೆ ಅದು?" ಇತ್ತೀಚೆಗೆ ನನ್ನನ್ನು ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ನಮ್ಮ ನಿಟ್ಟೂರಿನಲ್ಲಿ ಕೇಳುವವರು ಹೆಚ್ಚಾಗಿ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲ. ಬೆಂಗಳೂರಿನಲ್ಲಿರುವ ಮಗನೋ ಸೊಸೆಯೋ ವಾರಕ್ಕೊಮ್ಮೆ ಚುಚ್ಚಿಕೊಳ್ಳುತ್ತಿರುತ್ತಾರೆ, ಹಬ್ಬಕ್ಕೆ ಊರಿಗೆ ಬಂದವರು ಎರಡು ಕಡುಬಿಗೇ ಎದ್ದು ಕೈ ತೊಳೆಯುತ್ತಾರೆ, ಮನೆಯಲ್ಲಿ ಅಮ್ಮನಿಗೆ ಗಾಬರಿಯಾಗುತ್ತದೆ. ಹೊಟ್ಟೆಯೇ ಕೆಟ್ಟುಹೋಯಿತೇನೋ, ಕರುಳು ಒಣಗಿತೇನೋ ಎಂಬ ಹೆದರಿಕೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಓದುಗರೂ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ.

ಉತ್ತರದ ಮೊದಲ ಭಾಗವನ್ನು ಹೇಳಿದರೆ ಹೆಚ್ಚಿನವರು ನಂಬುವುದಿಲ್ಲ. ಆ ಮದ್ದಿನ ಮುಖ್ಯ ಕೆಲಸ ನಡೆಯುವುದು ಹೊಟ್ಟೆಯಲ್ಲಲ್ಲ, ತಲೆಯಲ್ಲಿ. ಜಠರದಿಂದ ಊಟ ಕೆಳಗಿಳಿಯುವುದನ್ನು ಅದು ಸ್ವಲ್ಪ ನಿಧಾನ ಮಾಡುತ್ತದೆ ನಿಜ, ಆದರೆ ಎಲೆಯಲ್ಲಿ ಅನ್ನವಿರುವಾಗಲೇ ಇನ್ನು ಸಾಕು ಅನ್ನಿಸುವುದು ಮಿದುಳಿಗೆ. ಅದಕ್ಕಿಂತ ಸೋಜಿಗದ ಸಂಗತಿ ಮುಂದಿದೆ. ಆ ಮದ್ದು ಅನುಕರಿಸುವ ವಸ್ತುವನ್ನು ನಮ್ಮ ಕರುಳು ಪ್ರತಿ ಊಟಕ್ಕೂ ತಯಾರಿಸುತ್ತದೆ. ಅದೇ ವಸ್ತುವನ್ನು ಮಿದುಳೂ ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳುತ್ತದೆ. ಕರುಳಿನದು ಎಂದು ನಾವು ಓದಿಕೊಂಡು ಬಂದ ಹಾರ್ಮೋನುಗಳು ಮಿದುಳಿನಲ್ಲಿ ನರದಿಂದ ನರಕ್ಕೆ ಸಂದೇಶ ಮುಟ್ಟಿಸುವ ಅಣುಗಳೂ ಆಗಿವೆ. ವೈದ್ಯಕೀಯ ಓದಿದ ದಿನಗಳಿಂದ ಇಂದಿನವರೆಗೆ ನನ್ನಲ್ಲಿ ಬೆರಗು ಕಡಿಮೆಯಾಗದ ವಿಷಯಗಳಲ್ಲಿ ಇದೊಂದು.

ಹಾರ್ಮೋನು ಎಂಬ ಕಲ್ಪನೆ ಹುಟ್ಟಿದ್ದೇ ಕರುಳಿನಿಂದ. ಜೀರ್ಣಕ್ರಿಯೆಯನ್ನೆಲ್ಲ ನರಗಳೇ ನಡೆಸುತ್ತವೆ ಎಂದು ರಷ್ಯಾದ ಇವಾನ್ ಪಾವ್ಲೋವ್ ಅವರ ಬಳಗ ನಂಬಿದ್ದ ಕಾಲದಲ್ಲಿ, 1902ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಒಂದು ನಾಯಿಯ ಸಣ್ಣ ಕರುಳಿನ ತುಂಡೊಂದರ ನರಗಳನ್ನು ಕತ್ತರಿಸಿ, ಅದರೊಳಗೆ ಆಮ್ಲ ಬಿಟ್ಟು ನೋಡಿದರು. ನರದ ಸಂಪರ್ಕವಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳಿನ ಒಳಪದರವನ್ನು ಕೆರೆದು ಆಮ್ಲದೊಂದಿಗೆ ಅರೆದು, ಸೋಸಿದ ನೀರನ್ನು ರಕ್ತನಾಳಕ್ಕೆ ಚುಚ್ಚಿದಾಗಲೂ ಹಾಗೆಯೇ ಆಯಿತು. ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳನ್ನೆಲ್ಲ ಹಾರ್ಮೋನು ಎಂದು ಕರೆದರು. ಥೈರಾಯ್ಡ್ ಎಂದರೆ ಇವತ್ತು ಎಲ್ಲರಿಗೂ ಗೊತ್ತು. ಕರುಳು ಕೂಡ ಹಾರ್ಮೋನು ಸುರಿಸುವ ಅಂಗ, ಅದೂ ದೇಹದಲ್ಲೇ ದೊಡ್ಡದು ಎಂದರೆ ಓದಿದವರೂ ಹುಬ್ಬೇರಿಸುತ್ತಾರೆ. ಆ ಕೆಲಸ ಮಾಡುವ ಜೀವಕೋಶಗಳು ಒಂದು ಗ್ರಂಥಿಯಾಗಿ ಗಂಟುಕಟ್ಟಿಕೊಂಡಿಲ್ಲ. ಕರುಳಿನ ಒಳಪದರದ ಉದ್ದಕ್ಕೂ ನೂರಕ್ಕೊಂದರ ಲೆಕ್ಕದಲ್ಲಿ ಚದುರಿಕೊಂಡಿವೆ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಹಾರ್ಮೋನುಗಳ ಪೈಕಿ ಒಂದರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದರ ಹೆಸರು ಕೋಲಿಸಿಸ್ಟೋಕೈನಿನ್. ಇನ್ನು ಮುಂದೆ ಸಿಸಿಕೆ ಎನ್ನೋಣ. ಬಿಸಿ ಪತ್ರೊಡೆಗೆ ಮೇಲಿಂದ ಕೊಬ್ಬರಿ ಎಣ್ಣೆ ಹಾಕಿಕೊಂಡು ತಿಂದಿರಿ ಎನ್ನಿ. ಜಠರದಿಂದ ಸಣ್ಣ ಕರುಳಿಗೆ ಎಣ್ಣೆಯ ಅಂಶ ಇಳಿದ ಕೂಡಲೇ ಅಲ್ಲಿನ ಜೀವಕೋಶಗಳು ಸಿಸಿಕೆ ಸುರಿಸುತ್ತವೆ. ಅದು ರಕ್ತದಲ್ಲಿ ಹರಿದು ಪಿತ್ತಕೋಶವನ್ನು ಹಿಂಡಿಸುತ್ತದೆ, ಪಿತ್ತ ಬಂದು ಎಣ್ಣೆಯನ್ನು ಒಡೆಯುತ್ತದೆ. ಪಿತ್ತಕೋಶ ಹಿಂಡುವ ಈ ಗುಣವನ್ನು 1928ರಲ್ಲಿ ಅಮೆರಿಕದ ಐವಿ ಮತ್ತು ಓಲ್ಡ್‌ಬರ್ಗ್ ಗುರುತಿಸಿದರು. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಮದುವೆ ಮನೆಯ ಊಟ ಮಾಡಿದ ರಾತ್ರಿ ಬಲಪಕ್ಕೆಯಲ್ಲಿ ನೋವು ಬರುವುದು ಇದೇ ಕಾರಣಕ್ಕೆ. ಹಲವು ದಶಕಗಳ ಕಾಲ ಸಿಸಿಕೆಗೆ ಇದಕ್ಕಿಂತ ದೊಡ್ಡ ಕೆಲಸವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

1973ರಲ್ಲಿ ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜೇಮ್ಸ್ ಗಿಬ್ಸ್, ರಾಬರ್ಟ್ ಯಂಗ್, ಜೆರಾರ್ಡ್ ಸ್ಮಿತ್ ಇಲಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಇಲಿಯ ಜಠರಕ್ಕೆ ಸಣ್ಣ ಕೊಳವೆ ಇಟ್ಟು, ಕುಡಿದ ಆಹಾರವೆಲ್ಲ ಹೊರಗೆ ಸುರಿದುಹೋಗುವಂತೆ ಮಾಡಿದರು. ಹೊಟ್ಟೆ ತುಂಬುವುದೇ ಇಲ್ಲ, ಆದ್ದರಿಂದ ಇಲಿ ನಿಲ್ಲಿಸದೆ ಕುಡಿಯುತ್ತಲೇ ಹೋಗುತ್ತದೆ. ಅಂಥ ಇಲಿಗೆ ಸಿಸಿಕೆ ಚುಚ್ಚಿದಾಗ ಅದು ಕುಡಿಯುವುದನ್ನು ನಿಲ್ಲಿಸಿತು. ಉಂಡು ಮುಗಿಸಿದ ಇಲಿ ಮೈ ನೆಕ್ಕಿಕೊಂಡು, ಅತ್ತಿತ್ತ ಓಡಾಡಿ, ಮಲಗುತ್ತದಲ್ಲ, ಇದೂ ಹಾಗೇ ಮಾಡಿತು. ಹೊಟ್ಟೆ ಖಾಲಿ, ಆದರೂ ತೃಪ್ತಿ! ಜಠರ ಬಿಗಿದಾಗ ಮಾತ್ರ ಊಟ ಸಾಕಾಗುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಬಿಗಿತಕ್ಕೂ ಪಾಲಿದೆ, ಆದರೆ ತೃಪ್ತಿ ಎಂಬುದನ್ನು ಅದೊಂದೇ ಉಂಟುಮಾಡುವುದಿಲ್ಲ.

ಸಿಸಿಕೆ ರಕ್ತದಲ್ಲಿ ಹರಿದು ನೇರವಾಗಿ ಮಿದುಳು ಸೇರಿತೇ? ಹಾಗಲ್ಲ. ರಕ್ತದಲ್ಲಿರುವುದನ್ನೆಲ್ಲ ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಇಂಥ ಅಣುಗಳನ್ನಂತೂ ತಡೆದೇ ಬಿಡುತ್ತದೆ. ಆದರೆ ಕರುಳಿನ ಗೋಡೆಯವರೆಗೂ ವೇಗಸ್ ಎಂಬ ನರದ ಎಳೆಗಳು ಇಳಿದು ಬಂದಿವೆ. ಮಿದುಳಿನಿಂದ ಹೊಟ್ಟೆಗೆ ಆಜ್ಞೆ ಒಯ್ಯುವ ನರ ಎಂದು ನಾವೆಲ್ಲ ಕಲಿತದ್ದು. ಎಣಿಸಿ ನೋಡಿದರೆ ಅದರ ಶೇಕಡಾ 80ರಷ್ಟು ಎಳೆಗಳು ಹೊಟ್ಟೆಯಿಂದ ಮಿದುಳಿಗೆ ಸುದ್ದಿ ಒಯ್ಯುವಂಥವು. ಆ ಎಳೆಗಳ ಮೇಲೆ ಸಿಸಿಕೆಯನ್ನು ಹಿಡಿಯುವ ಗ್ರಾಹಕಗಳಿವೆ. ಸಿಸಿಕೆ ಕೂತ ಕೂಡಲೇ ನರ ಮಿಡಿಯುತ್ತದೆ, ಕುತ್ತಿಗೆಯ ಮೇಲ್ಭಾಗದಲ್ಲಿರುವ ಮಿದುಳಿನ ಕಾಂಡಕ್ಕೆ ಸುದ್ದಿ ಮುಟ್ಟುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಿಯೆಗೊ ಬೊಹೋರ್ಕೆಸ್ ಅವರ ತಂಡ 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕರುಳಿನ ಕೆಲವು ಹಾರ್ಮೋನು ಕೋಶಗಳು ವೇಗಸ್ ನರಕ್ಕೆ ನೇರವಾಗಿ ಬೆಸೆದುಕೊಂಡಿವೆ, ಕ್ಷಣದ ಭಾಗದಲ್ಲಿ ಸಂಕೇತ ದಾಟಿಸುತ್ತವೆ ಎಂದು ಇಲಿಗಳಲ್ಲಿ ತೋರಿಸಿತು.

ಇಷ್ಟಾದರೂ ಇದು ಹೊಟ್ಟೆಯಿಂದ ಮಿದುಳಿಗೆ ಸುದ್ದಿ ಹೋದ ಕಥೆ ಮಾತ್ರ. ನಿಜವಾದ ತಿರುವು 1975ರದು. ಬ್ರಸೆಲ್ಸ್‌ನ ವಾಂಡರ್‌ಹೇಗನ್ ಮತ್ತು ಸಂಗಡಿಗರು ಮಿದುಳಿನ ಊತಕದಲ್ಲಿ ಜಠರದ ಹಾರ್ಮೋನನ್ನು ಹೋಲುವ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ, ಒಂದನ್ನು ಕಂಡರು. ಅದು ಸಿಸಿಕೆಯ ಚಿಕ್ಕ ರೂಪ ಎಂದು ಮುಂದೆ ಗೊತ್ತಾಯಿತು. ಕರುಳಿನಿಂದ ಸೋರಿ ಹೋದದ್ದಲ್ಲ ಅದು, ಮಿದುಳಿನ ನರಕೋಶಗಳು ತಾವೇ ತಯಾರಿಸಿದ್ದು. ಯೋಚನೆ, ನೆನಪುಗಳ ನೆಲೆಯಾದ ಮಿದುಳಿನ ಹೊರಪದರದಲ್ಲಿ ಅತಿ ಹೇರಳವಾಗಿ ಸಿಗುವ ಪೆಪ್ಟೈಡ್‌ಗಳಲ್ಲಿ ಸಿಸಿಕೆಯೂ ಒಂದು. ಡೋಪಮಿನ್ ಸುರಿಸುವ ಕೆಲವು ನರಗಳು ಅದರ ಜೊತೆಗೇ ಸಿಸಿಕೆಯನ್ನೂ ಸುರಿಸುತ್ತವೆ. ಇಂಥದ್ದರ ಸುಳಿವು ಅದಕ್ಕೂ ಬಹಳ ಹಿಂದೆಯೇ ಸಿಕ್ಕಿತ್ತು: 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಕುದುರೆಯ ಕರುಳು, ಮಿದುಳು ಎರಡರಲ್ಲೂ ಒಂದೇ ವಸ್ತುವನ್ನು ಕಂಡು ಅದನ್ನು ಪಿ ವಸ್ತು ಎಂದು ಕರೆದಿದ್ದರು. ಆಗ ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ.

ಹಾಗಾದರೆ ಸಿಸಿಕೆ ಎಂಬುದು ಹಾರ್ಮೋನೋ, ನರಗಳ ಸಂದೇಶವಾಹಕವೋ? ಊರಲ್ಲಿ ಶಾಲೆಯಲ್ಲೂ ಗಂಟೆ ಹೊಡೆಯುತ್ತಾರೆ, ದೇವಸ್ಥಾನದಲ್ಲೂ ಹೊಡೆಯುತ್ತಾರೆ. ಎರಡರ ಲೋಹವೂ ಒಂದೇ. ಒಂದನ್ನು ಕೇಳಿ ಮಕ್ಕಳು ಚೀಲ ಹೆಗಲಿಗೇರಿಸುತ್ತಾರೆ, ಇನ್ನೊಂದನ್ನು ಕೇಳಿ ದೊಡ್ಡವರು ಕೈ ಮುಗಿಯುತ್ತಾರೆ. ಎಲ್ಲಿ ಹೊಡೆಯಿತು, ಯಾರು ಕೇಳಿಸಿಕೊಂಡರು ಎಂಬುದರ ಮೇಲೆ ಅದರ ಅರ್ಥ ನಿಂತಿದೆ. ಸಿಸಿಕೆಯೂ ಹಾಗೆಯೇ. ಕರುಳಿನ ಪಕ್ಕದ ನರದಲ್ಲಿರುವ ಗ್ರಾಹಕ ಒಂದು ಬಗೆಯದು, ಮಿದುಳಿನ ಹೊರಪದರದಲ್ಲಿ ಹೇರಳವಾಗಿರುವುದು ಇನ್ನೊಂದು ಬಗೆಯದು. ಮೊದಲನೆಯದರ ಮೇಲೆ ಕೂತರೆ ಊಟ ಸಾಕೆನಿಸುತ್ತದೆ. ಎರಡನೆಯದರ ಕೆಲಸ ಬೇರೆಯೇ ಇದೆ.

ಆ ಬೇರೆ ಕೆಲಸದ ಒಂದು ಮುಖ ಮಾಂಟ್ರಿಯಲ್‌ನಲ್ಲಿ ಕಂಡಿತು. ಸಿಸಿಕೆಯ ಬಾಲದ ನಾಲ್ಕು ಅಮೈನೋ ಆಮ್ಲಗಳ ತುಣುಕನ್ನು ಆರೋಗ್ಯವಂತರ ರಕ್ತನಾಳಕ್ಕೆ ಚುಚ್ಚಿದರೆ ಅವರಲ್ಲಿ ಕೆಲವರಿಗೆ ತೀವ್ರ ದಿಗಿಲು ಹಿಡಿಯುತ್ತದೆ ಎಂದು 1989ರಲ್ಲಿ ಕ್ಲೋಡ್ ದ ಮೋಂಟಿನ್ಯಿ ವರದಿ ಮಾಡಿದರು. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಹೊಟ್ಟೆ ಹಿಂಡುವುದು, ಸತ್ತೇ ಹೋಗುತ್ತೇನೆ ಎಂಬ ಭಯ. ಕೆಲವೇ ನಿಮಿಷಗಳಲ್ಲಿ ಎಲ್ಲ ಇಳಿದು ಹೋಗುತ್ತದೆ. ಪ್ಯಾನಿಕ್ ಕಾಯಿಲೆ ಇರುವವರಲ್ಲಿ ಇನ್ನೂ ಚಿಕ್ಕ ಪ್ರಮಾಣಕ್ಕೇ ಹೀಗಾಗುತ್ತದೆ ಎಂದು ಜಾಕ್ ಬ್ರಾಡ್ವೈನ್ ತೋರಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಮಳೆಗಾಲದ ರಾತ್ರಿಗಳಲ್ಲಿ ಜೀಪಿನಲ್ಲಿ ಕರೆತರುವ ರೋಗಿಗಳು ಕಣ್ಣಮುಂದೆ ಬರುತ್ತಾರೆ. ಹೊಟ್ಟೆಯಲ್ಲಿ ಸಂಕಟ ಶುರುವಾಗಿ ಎದೆಗೇರಿತು ಅನ್ನುತ್ತಾರೆ. ಇಸಿಜಿ ಸರಿಯಿರುತ್ತದೆ, ಮಣಿಪಾಲಕ್ಕೆ ಹೋಗಿ ಎಂಡೋಸ್ಕೋಪಿ ಮಾಡಿಸಿದರೂ ಏನೂ ಸಿಗುವುದಿಲ್ಲ. ಆಮೇಲೆ ಮನೆಯವರು ಇದೆಲ್ಲ ನಾಟಕ ಎಂದುಬಿಡುತ್ತಾರೆ. ಆ ಮಾತು ನನಗೆ ಬಹಳ ನೋವು ಕೊಡುತ್ತದೆ. ಮನಸ್ಸಿನ ದಿಗಿಲಿಗೂ ಹೊಟ್ಟೆಯ ಸಂಕಟಕ್ಕೂ ಮಿದುಳಿನ ಕಾಂಡದಲ್ಲಿ ಒಂದೇ ನೆರೆಹೊರೆ. ಅಲ್ಲಿ ಓಡಾಡುವ ಅಣುಗಳಲ್ಲೂ ಎಷ್ಟೋ ಒಂದೇ. ಹಾಗೆಂದು ಎಣ್ಣೆ ತಿಂಡಿ ತಿಂದು ಕರುಳಲ್ಲಿ ಬಂದ ಸಿಸಿಕೆಯಿಂದ ದಿಗಿಲು ಹುಟ್ಟುತ್ತದೆ ಎಂದು ಯಾರೂ ತಿಳಿಯಬಾರದು. ಊಟದ ಸಿಸಿಕೆಯ ದಾರಿ ಬೇರೆ, ಪ್ರಯೋಗದಲ್ಲಿ ಒಮ್ಮೆಲೇ ರಕ್ತಕ್ಕೆ ಚುಚ್ಚಿದ ತುಣುಕಿನ ದಾರಿ ಬೇರೆ.

ಈಗ ಇಂಜೆಕ್ಷನ್ನಿನ ವಿಷಯ. ಅದು ಅನುಕರಿಸುವ ಕರುಳಿನ ಹಾರ್ಮೋನಿನ ಹೆಸರು ಜಿಎಲ್‌ಪಿ-1. ಸಣ್ಣ ಕರುಳಿನ ಕೊನೆ ಮತ್ತು ದೊಡ್ಡ ಕರುಳಿನ ಕೋಶಗಳು ಅದನ್ನು ಸುರಿಸುತ್ತವೆ. ಬಾಸ್ಟನ್ನಿನ ಜೋಯೆಲ್ ಹೇಬನರ್ ಮತ್ತು ಸ್ವೆಟ್ಲಾನಾ ಮೊಯ್ಸೋವ್ 1980ರ ದಶಕದಲ್ಲಿ ಅದರ ಸರಿಯಾದ ರೂಪವನ್ನು ಗುರುತಿಸಿ, ಅದು ಇನ್ಸುಲಿನ್ ಹೆಚ್ಚಿಸುವುದನ್ನು ತೋರಿಸಿದರು. ಸಕ್ಕರೆ ಕಾಯಿಲೆಗೆ ಒಳ್ಳೆಯ ಮದ್ದಾಗಬಹುದಿತ್ತು, ಆದರೆ ರಕ್ತದಲ್ಲಿ ಅದರ ಆಯಸ್ಸು ಒಂದೆರಡು ನಿಮಿಷ ಮಾತ್ರ. ಒಂದು ಕಿಣ್ವ ಅದನ್ನು ಕತ್ತರಿಸಿಹಾಕುತ್ತದೆ. ಆಮೇಲೆ 1996ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸ್ಟೀಫನ್ ಬ್ಲೂಮ್ ಅವರ ತಂಡ ಅದನ್ನು ಇಲಿಯ ಮಿದುಳಿಗೇ ಹಾಕಿ ನೋಡಿತು. ಹಸಿದ ಇಲಿ ತಿನ್ನುವುದನ್ನು ಬಿಟ್ಟಿತು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಆ ಹಾರ್ಮೋನಿನ ದಾರಿಯನ್ನು ಮಿದುಳಿನಲ್ಲಿ ತಡೆದಾಗ ಹೊಟ್ಟೆ ತುಂಬಿದ ಇಲಿಯೂ ಮತ್ತೆ ತಿಂದಿತು. ಅಂದರೆ ಊಟ ಸಾಕು ಎನ್ನಲು ಮಿದುಳು ಜಿಎಲ್‌ಪಿ-1 ಅನ್ನು ಬಳಸುತ್ತಿದೆ. ಯಾರ ಜಿಎಲ್‌ಪಿ-1? ಬಹುಪಾಲು ತನ್ನದೇ. ಮಿದುಳಿನ ಕಾಂಡದಲ್ಲಿ, ವೇಗಸ್ ನರ ಬಂದು ಸೇರುವ ಜಾಗದಲ್ಲೇ, ಜಿಎಲ್‌ಪಿ-1 ತಯಾರಿಸುವ ನರಕೋಶಗಳ ಒಂದು ಪುಟ್ಟ ಗುಂಪಿದೆ. ಅಲ್ಲಿಂದ ಎಳೆಗಳು ಹಸಿವನ್ನು ನೋಡಿಕೊಳ್ಳುವ ಹೈಪೊಥಲಾಮಸ್‌ವರೆಗೂ ಹೋಗಿವೆ. ಎರಡು ನಿಮಿಷದಲ್ಲಿ ಅಳಿಯುವ ಕರುಳಿನ ಅಣು ಅಷ್ಟು ದೂರ ಹೋಗಬೇಕಾಗಿಯೇ ಇಲ್ಲ. ಅದು ಪಕ್ಕದ ನರಕ್ಕೆ ತಿಳಿಸಿದರೆ ಸಾಕು.

ಮದ್ದು ಮಾಡಿದವರು ಮುರಿದದ್ದು ಈ ಎರಡು ನಿಮಿಷದ ಗಡಿಯನ್ನು. ಅಮೆರಿಕದ ಮರುಭೂಮಿಯ ಗಿಲಾ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಇಂಥದೇ, ಆದರೆ ಬೇಗ ಕರಗದ ಅಣು ಇರುವುದನ್ನು ಜಾನ್ ಎಂಗ್ 1992ರಲ್ಲಿ ಕಂಡರು. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಬಳಕೆಗೆ ಬಂತು. ಆಮೇಲೆ ದಿನಕ್ಕೊಮ್ಮೆ ಚುಚ್ಚುವ ಲಿರಾಗ್ಲುಟೈಡ್, ವಾರಕ್ಕೊಮ್ಮೆ ಸಾಕಾಗುವ ಸೆಮಾಗ್ಲುಟೈಡ್ ಬಂದವು. ನಮ್ಮ ಬೆಂಗಳೂರಿನ ಬಯೋಕಾನ್ ತಯಾರಿಸಿದ ಲಿರಾಗ್ಲುಟೈಡ್‌ಗೆ 2024ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಒಂದು ಕಾಲಕ್ಕೆ ಹಂದಿ, ದನಗಳ ಇನ್ಸುಲಿನ್‌ಗೆ ಹೊರದೇಶಗಳ ಕಡೆ ನೋಡುತ್ತಿದ್ದ ನಾವು ಕರುಳಿನ ಹಾರ್ಮೋನಿನ ನಕಲನ್ನು ಅವರಿಗೇ ಮಾರುವ ಹಂತಕ್ಕೆ ಬಂದಿದ್ದೇವೆ ಎಂಬುದು ನನಗೆ ಹೆಮ್ಮೆಯ ವಿಷಯ. ಇದೇ ಸಾಲಿನ ಇನ್ನೊಂದು ಮದ್ದಾದ ಟಿರ್ಜೆಪಟೈಡ್ ಮತ್ತು ತೂಕ ಇಳಿಸುವ ಪ್ರಮಾಣದ ಸೆಮಾಗ್ಲುಟೈಡ್ ಭಾರತದ ಅಂಗಡಿಗೆ ಬಂದದ್ದು 2025ರಲ್ಲಿ. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟಿನ ಅವಧಿ 2026ರ ಮಾರ್ಚ್‌ವರೆಗಿನದು. ಬೆಲೆ ಇಳಿದಷ್ಟೂ ಇದು ನಮ್ಮ ಹಳ್ಳಿಗಳ ಮಾತೂ ಆಗುತ್ತದೆ.

ಸಹಜ ಜಿಎಲ್‌ಪಿ-1ಗೂ ಈ ಮದ್ದಿಗೂ ಇರುವ ವ್ಯತ್ಯಾಸವನ್ನು ಜನ ಮರೆಯುತ್ತಾರೆ. ಕರುಳಿನದು ಊಟದ ಹೊತ್ತಿಗೆ ಬಂದು ಹೋಗುತ್ತದೆ. ಮದ್ದು ವಾರವಿಡೀ ರಕ್ತದಲ್ಲಿರುತ್ತದೆ, ಮಿದುಳಿನ ತಡೆಗೋಡೆ ತೆಳುವಾಗಿರುವ ಕೆಲವು ಜಾಗಗಳ ಮೂಲಕ ಒಳಗಿನ ನರಕೋಶಗಳನ್ನು ಮುಟ್ಟುತ್ತದೆ. ಆ ಜಾಗಗಳಲ್ಲಿ ಒಂದು ವಾಂತಿಯನ್ನು ನೋಡಿಕೊಳ್ಳುವಂಥದು. ಮದ್ದು ಶುರುಮಾಡಿದ ವಾರಗಳಲ್ಲಿ ಓಕರಿಕೆ ಬರುವುದು ಹೊಟ್ಟೆ ಕೆಟ್ಟದ್ದರಿಂದ ಮಾತ್ರ ಅಲ್ಲ. ತೃಪ್ತಿಯ ನರಕೋಶಗಳೂ ಓಕರಿಕೆಯ ನರಕೋಶಗಳೂ ಅಕ್ಕಪಕ್ಕದಲ್ಲಿದ್ದರೂ ಬೇರೆ ಬೇರೆ ಎಂದು 2024ರಲ್ಲಿ ಇಲಿಗಳ ಅಧ್ಯಯನವೊಂದು ತೋರಿಸಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಮುಟ್ಟುವ ಮದ್ದು ಮುಂದೆ ಬರಬಹುದು.

ಇಷ್ಟು ತಿಳಿದ ಮೇಲೆ ಕೆಲವರು, ಹಾಗಾದರೆ ಸಿಸಿಕೆಯನ್ನೇ ಮದ್ದಾಗಿ ಯಾಕೆ ಕೊಡಲಿಲ್ಲ ಎಂದು ಕೇಳುತ್ತಾರೆ. ಪ್ರಯತ್ನ ನಡೆಯಿತು. 1984ರಲ್ಲಿ ಇಲಿಗಳಿಗೆ ಪ್ರತಿ ಊಟದ ಹೊತ್ತಿಗೂ ಸಿಸಿಕೆ ಕೊಟ್ಟು ನೋಡಿದರು. ಇಲಿಗಳು ಪ್ರತಿ ಸಲ ಕಡಿಮೆ ತಿಂದವು, ಆದರೆ ಹೆಚ್ಚು ಸಲ ತಿಂದವು. ತೂಕ ಬಹಳವೇನೂ ಇಳಿಯಲಿಲ್ಲ. ದೇಹ ತನ್ನ ತೂಕವನ್ನು ಉಳಿಸಿಕೊಳ್ಳಲು ಎಷ್ಟು ಹಟ ಹಿಡಿಯುತ್ತದೆ ಎಂಬುದು ನನಗೆ ಸ್ಪಷ್ಟವಾದದ್ದು ಈ ಪ್ರಯೋಗದಿಂದ. ಒಂದು ಸಂಕೇತ ಸಾಕು ಎಂದರೆ ಇನ್ನೊಂದು ಬೇಕು ಎನ್ನುತ್ತದೆ. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಜಠರದಲ್ಲಿ ಕಂಡ ಗ್ರೆಲಿನ್ ಅಂಥ ಬೇಕು ಎನ್ನುವ ಹಾರ್ಮೋನು. ಪಥ್ಯ ಮಾಡಿ ತೂಕ ಇಳಿಸಿದವರ ರಕ್ತದಲ್ಲಿ ಅದು ಏರುತ್ತದೆ. ಸೆಮಾಗ್ಲುಟೈಡ್‌ನ ದೊಡ್ಡ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ ಶೇಕಡಾ 15ರಷ್ಟು ತೂಕ ಇಳಿಯಿತು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂತು. ಹಾಗಾಗಿ ಮದುವೆಗೆ ಮೊದಲು ನಾಲ್ಕು ತಿಂಗಳು ಚುಚ್ಚಿಕೊಂಡು ಬಿಡುತ್ತೇನೆ ಎನ್ನುವವರಿಗೆ ನಾನು ಬೇಡವೆನ್ನುತ್ತೇನೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮಂಡಿ ಸವೆಯುವಷ್ಟು ತೂಕ ಇರುವವರ ಮಾತು ಬೇರೆ. ಅವರಿಗೆ ಇದು ದೊಡ್ಡ ಉಪಕಾರ.

ಬಾಯಿ ಕಟ್ಟಲಾಗದವರು ಎಂದು ದಪ್ಪಗಿರುವವರನ್ನು ಆಡಿಕೊಳ್ಳುವುದನ್ನು ಇನ್ನಾದರೂ ನಿಲ್ಲಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವಾರಕ್ಕೊಂದು ಅಣು ಸೇರಿಸಿದರೆ ದಿನವಿಡೀ ಕಾಡುತ್ತಿದ್ದ ತಿನ್ನುವ ಯೋಚನೆ ಅಡಗುತ್ತದೆ ಎಂದಮೇಲೆ ಅದನ್ನು ನಡತೆಯ ದೋಷ ಎಂದು ಹೇಗೆ ಕರೆಯುವುದು? ಹಸಿವು ಹೊಟ್ಟೆಯೊಂದರ ವಿಷಯವಲ್ಲ ಎಂಬುದು ನಮ್ಮ ತೋಟಗಳಲ್ಲಿ ದುಡಿಯುವವರಿಗೆ ಹಿಂದಿನಿಂದ ಗೊತ್ತು. ಊಟ ತಡವಾದಾಗ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಎಲೆಯಡಿಕೆಯ ಒಂದು ಕವಳ ಹಾಕಿಕೊಂಡು ಇನ್ನೊಂದು ಮರ ಹತ್ತುತ್ತಿದ್ದರು. ಹೊಟ್ಟೆಗೆ ಏನೂ ಇಳಿಯದಿದ್ದರೂ ಹಸಿವು ಹಿಂದೆ ಸರಿಯುತ್ತಿತ್ತು, ಏಕೆಂದರೆ ಅಡಿಕೆಯ ಅರೆಕೋಲಿನ್ ಮಿದುಳಿನ ಅಸಿಟೈಲ್‌ಕೋಲಿನ್ ಗ್ರಾಹಕಗಳ ಮೇಲೆ ಕೂರುತ್ತದೆ. ಬಾಯಿಯ ಕ್ಯಾನ್ಸರ್ ಎಷ್ಟು ಮನೆಗಳನ್ನು ಹಾಳುಮಾಡಿದೆ ಎಂಬುದನ್ನು ನೋಡಿರುವ ನಾನು ಕವಳವನ್ನು ಯಾರಿಗೂ ಹೇಳುವುದಿಲ್ಲ, ಇದ್ದ ಸಂಗತಿಯನ್ನು ಹೇಳಿದೆ ಅಷ್ಟೆ.

ಮದ್ದಿಲ್ಲದೆ ಜಿಎಲ್‌ಪಿ-1 ಹೆಚ್ಚಿಸುವ ಆಹಾರ ಹೇಳಿ ಎನ್ನುವವರಿದ್ದಾರೆ. ಬಾಳೆದಿಂಡು, ಕಳಲೆ, ಹುರುಳಿ, ಹೆಸರುಕಾಳು ಇವುಗಳ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹುಳಿಸಿದಾಗ ಬರುವ ಆಮ್ಲಗಳು ಆ ಕೋಶಗಳನ್ನು ಚುರುಕುಗೊಳಿಸುತ್ತವೆ. ಅದು ಒಳ್ಳೆಯದೇ. ಆದರೆ ಊಟದ ಜಿಎಲ್‌ಪಿ-1 ಎಷ್ಟು ಏರಿದರೂ ಎರಡು ನಿಮಿಷದ್ದು. ಅದನ್ನು ಇಂಜೆಕ್ಷನ್ನಿಗೆ ಸಮ ಎಂದು ಹೇಳಿ ಪುಡಿ, ಕಷಾಯ ಮಾರುವವರನ್ನು ನಂಬಬೇಡಿ. ನಿಧಾನವಾಗಿ ಉಣ್ಣುವುದರಿಂದ ಮಾತ್ರ ನಿಜವಾದ ಲಾಭವಿದೆ. ಎಣ್ಣೆ, ಬೇಳೆಯ ಅಂಶ ಕರುಳಿಗೆ ಇಳಿದು ಸುದ್ದಿ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಪಂಕ್ತಿಯಲ್ಲಿ ಕೂತು ತಂಬುಳಿಯಿಂದ ಮಜ್ಜಿಗೆಯವರೆಗೆ ಸಾವಕಾಶವಾಗಿ ಉಣ್ಣುವಾಗ ಅಷ್ಟು ಹೊತ್ತು ತಾನಾಗಿ ಸಿಗುತ್ತದೆ. ಮೊಬೈಲ್ ನೋಡುತ್ತ ಐದು ನಿಮಿಷದಲ್ಲಿ ಮುಗಿಸಿದರೆ ಸಿಗುವುದಿಲ್ಲ.

ಮನೆಯಲ್ಲಿ ಯಾರಾದರೂ ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಒತ್ತಾಯ ಮಾಡಿ ಉಣ್ಣಿಸಬೇಡಿ, ವಾಂತಿಯಾಗುತ್ತದೆ. ಬಡಿಸುವ ಸ್ವಲ್ಪದರಲ್ಲೇ ಕಾಳು, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ಇರಲಿ. ತೂಕದ ಜೊತೆ ಮಾಂಸಖಂಡವೂ ಕರಗುತ್ತದೆ, ವಯಸ್ಸಾದವರಲ್ಲಿ ಅದು ಬೀಳುವುದಕ್ಕೆ ದಾರಿ. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ಅಥವಾ ಇನ್ಸುಲಿನ್ ಜೊತೆಗಿದ್ದರೆ ಸಕ್ಕರೆ ತೀರಾ ಇಳಿಯಬಹುದು, ಪ್ರಮಾಣ ತಗ್ಗಿಸಬೇಕಾದೀತು. ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚು. ಹೊಟ್ಟೆ ನೋವು ಬೆನ್ನಿಗೆ ಹಬ್ಬಿ ಬಿಡದೆ ಇದ್ದರೆ ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು, ರಾತ್ರಿಯಾದರೂ ಹೊರಡಿ. ಮನೆತನದಲ್ಲಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು, ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಯಾವುದೇ ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ತಿಳಿಸಿ. ಹಿಂದಿನ ರಾತ್ರಿಯಿಂದ ಉಪವಾಸವಿದ್ದರೂ ಇವರ ಜಠರದಲ್ಲಿ ಊಟ ಉಳಿದಿರಬಹುದು.